ಹೆಸರು ಹೊತ್ತು ಹೋದವರು

ದಕ್ಷಿಣ ಆಸ್ಟ್ರೇಲಿಯದ ರಾಜಧಾನಿಯಾದ ಅಡಿಲೇಡ್ ನಗರದಿಂದ ಈಶಾನ್ಯ ದಿಕ್ಕಿಗೆ ಹೊರಡುವ ಬಸ್ಸುಗಳು ಟಾರೆನ್ಸ್ ಹೊಳೆಯ ಮಗ್ಗುಲಲ್ಲಿ ಒಂದು ನಿಲ್ದಾಣದಲ್ಲಿ ನಿಲ್ಲುತ್ತವೆ. ನಿಲ್ದಾಣದ ಹೆಸರು ಕ್ಲೆಮ್ಜಿಗ್. ಇಂಗ್ಲಿಷರು ಕಟ್ಟಿದ ನಗರದಲ್ಲಿ ಈ ಹೆಸರು ಇಂಗ್ಲಿಷಿನದಲ್ಲ. ಆ ನೆಲದ ಮೂಲನಿವಾಸಿಗಳ ನುಡಿಯದೂ ಅಲ್ಲ. ನಿಲ್ದಾಣವನ್ನು ದಾಟಿ ಬಡಾವಣೆಯೊಳಕ್ಕೆ ಹೋದವರಿಗೆ ಮತ್ತೊಂದು ಸೋಜಿಗ ಕಾದಿರುತ್ತದೆ. ಅಲ್ಲಿಯ ಆಟದ ಸಂಘಕ್ಕೆ ಗಾಜಾ ಎಂಬ ಹೆಸರಿದೆ. ಜರ್ಮನ್ ಹೆಸರಿನ ಬಡಾವಣೆಯಲ್ಲಿ ಪ್ಯಾಲೆಸ್ಟೈನಿನ ಪಟ್ಟಣವೊಂದರ ಹೆಸರು ಹೊತ್ತ ಆಟದ ಸಂಘ! ಒಂದೇ ಬೀದಿಯಲ್ಲಿ ಈ ಎರಡು ಹೆಸರುಗಳು ಹೇಗೆ ಬಂದು ಸೇರಿದವೆಂದು ಕೇಳಿದರೆ, ಹುಟ್ಟಿದ ಮಣ್ಣನ್ನು ಬಿಟ್ಟು ಕಾಣದ ನಾಡಿಗೆ ಹೋಗಿ ಬೇರೂರಿದ ಒಂದು ಜನದ ಕತೆಯನ್ನೆಲ್ಲ ಹೇಳಬೇಕಾಗುತ್ತದೆ.

ಊರಿನ ಹೆಸರಿನ ಮಮತೆ ಎಂಥದೆಂಬುದನ್ನು ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ. ಊರು ಬಿಟ್ಟು ಮೂರು ತಲೆಮಾರು ಕಳೆದಿದ್ದರೂ, ಅಲ್ಲಿ ಅಂಗೈಯಗಲದ ಆಸ್ತಿ ಉಳಿಯದಿದ್ದರೂ, ಆ ಊರಿನ ಮೊದಲಕ್ಷರ ಮಾತ್ರ ಎಷ್ಟೋ ಮನೆತನಗಳ ಹೆಸರಿನ ಮುಂದೆ ಸ್ಥಿರವಾಗಿ ನಿಂತಿರುತ್ತದೆ. ಕ್ಲೆಮ್ಜಿಗ್‌ನ ಜನ ಮಾಡಿದ್ದೂ ಇದನ್ನೇ. ಅವರು ಕೇವಲ ಅಕ್ಷರವನ್ನಲ್ಲ, ಊರಿನ ಹೆಸರನ್ನೇ ಇಡಿಯಾಗಿ ಹೊತ್ತುಕೊಂಡು ಹೋದರು.

ಮೂಲ ಕ್ಲೆಮ್ಜಿಗ್ ಇದ್ದದ್ದು ಪ್ರಷ್ಯ ರಾಜ್ಯದ ಬ್ರಾಂಡೆನ್‌ಬರ್ಗ್ ಪ್ರಾಂತದಲ್ಲಿ, ಓಡರ್ ನದಿಯ ಆಚೆಗೆ. ರೈತರೂ ಕುಶಲಕರ್ಮಿಗಳೂ ಬಾಳುತ್ತಿದ್ದ ಸಾಮಾನ್ಯ ಹಳ್ಳಿ ಅದು. ನಡುವೆ ಮರದ ಒಂದು ಹಳೆಯ ಇಗರ್ಜಿ. ಅಲ್ಲಿಗೆ 1826ರಲ್ಲಿ ಪಾದ್ರಿಯಾಗಿ ಬಂದವನು ಆಗಸ್ಟ್ ಕಾವೆಲ್. ಆ ಕಾಲದಲ್ಲಿ ಪ್ರಷ್ಯದ ದೊರೆ ಮೂರನೆಯ ಫ್ರೆಡರಿಕ್ ವಿಲಿಯಂ. ಅವನ ರಾಜ್ಯದಲ್ಲಿ ಪ್ರಾಟೆಸ್ಟೆಂಟ್ ಮತದ ಎರಡು ಪಂಗಡಗಳಿದ್ದವು: ಲೂಥರನ ಅನುಯಾಯಿಗಳು ಒಂದು, ಕಾಲ್ವಿನನ ಮಾರ್ಗದವರು ಇನ್ನೊಂದು. ದೊರೆ ಎರಡನೆಯ ಪಂಗಡದವನು, ರಾಣಿ ಮೊದಲನೆಯದರವಳು. ಎರಡನ್ನೂ ಒಂದುಗೂಡಿಸಬೇಕೆಂದು ದೊರೆ 1817ರಲ್ಲಿ ಸಾರಿದನು. ಬಳಿಕ ಎಲ್ಲರಿಗೂ ಒಂದೇ ಪೂಜಾವಿಧಿಯನ್ನು ತಾನೇ ರಚಿಸಿಕೊಟ್ಟನು. ಉದ್ದೇಶ ಒಳ್ಳೆಯದೇ ಇದ್ದಿರಬಹುದು. ಆದರೆ ದೇವರ ಮುಂದೆ ಯಾವ ಮಾತಿನಲ್ಲಿ ಮೊಣಕಾಲೂರಬೇಕೆಂಬುದನ್ನು ಅರಮನೆಯ ಆಜ್ಞಾಪತ್ರ ನಿರ್ಧರಿಸಲಾಗದೆಂದು ಹಳೆಯ ಲೂಥರನ್ನರು ಹಟ ಹಿಡಿದರು. ಒಪ್ಪದ ಪಾದ್ರಿಗಳು ಕೆಲಸ ಕಳೆದುಕೊಂಡರು. ಕೆಲವರು ಸೆರೆಮನೆ ಸೇರಿದರು. ಸೈಲೀಸಿಯದ ಹೋನಿಗರ್ನ್ ಎಂಬ ಹಳ್ಳಿಯ ಇಗರ್ಜಿಯ ಬಾಗಿಲನ್ನು ತೆರೆಯಿಸಲು 1834ರ ಡಿಸೆಂಬರಿನಲ್ಲಿ ಸೈನ್ಯವೇ ಬರಬೇಕಾಯಿತು.

ಕಾವೆಲ್ ಸರಕಾರದ ಇಗರ್ಜಿಯಿಂದ ಹೊರಬಂದನು. ತನ್ನ ಜನರಿಗೆ ಬೇರೊಂದು ನೆಲೆಯನ್ನು ಹುಡುಕುತ್ತ 1836ರಲ್ಲಿ ಲಂಡನ್ನಿಗೆ ಹೋದಾಗ ಜಾರ್ಜ್ ಫೈಫ್ ಆಂಗಸ್ ಎಂಬ ವರ್ತಕನ ಭೇಟಿಯಾಯಿತು. ಆಂಗಸ್ ಆಗತಾನೆ ಸ್ಥಾಪಿತವಾಗಿದ್ದ ದಕ್ಷಿಣ ಆಸ್ಟ್ರೇಲಿಯ ಕಂಪನಿಯ ಅಧ್ಯಕ್ಷ. ಅಪರಾಧಿಗಳನ್ನು ಗಡೀಪಾರು ಮಾಡುವ ನೆಲವಾಗಿರದೆ, ಯಾವ ಮತದವರಿಗೂ ಅಡ್ಡಿಯಿಲ್ಲದ ವಸಾಹತಾಗಬೇಕೆಂಬುದು ಆ ಹೊಸ ನಾಡಿನ ಸಂಕಲ್ಪ. ಆಂಗಸ್ ಸ್ವತಃ ಧರ್ಮಶ್ರದ್ಧೆಯುಳ್ಳವನು. ಜೊತೆಗೆ ಲೆಕ್ಕ ಬಲ್ಲವನು. ಮೈಮುರಿದು ದುಡಿಯುವ, ಮದ್ಯದ ಗೊಡವೆಗೆ ಹೋಗದ ರೈತರು ಹೊಸ ವಸಾಹತಿಗೆ ಬೇಕಾಗಿಯೇ ಇದ್ದರು. ಪಯಣದ ವೆಚ್ಚಕ್ಕೆ ಅವನು ಸಾಲ ಕೊಟ್ಟನು, ಬಡ್ಡಿಯನ್ನೂ ಬಿಡಲಿಲ್ಲ. ಹೀಗೆ ದಯೆಯೂ ವ್ಯಾಪಾರವೂ ಒಂದೇ ಕೈಯಿಂದ ನೀಡಲ್ಪಟ್ಟವು. ಊರು ಬಿಡಲು ಪ್ರಷ್ಯದ ಅಧಿಕಾರಿಗಳ ಅಪ್ಪಣೆ ಸಿಗುವುದಕ್ಕೇ ಸುಮಾರು ಎರಡು ವರ್ಷ ಹಿಡಿಯಿತು. ತಮಗೆ ಬೇಡವಾದ ಜನರನ್ನೂ ಸುಲಭವಾಗಿ ಹೋಗಗೊಡದಿರುವುದು ಅಧಿಕಾರದ ಹಳೆಯ ಸ್ವಭಾವ.

ಕೊನೆಗೆ 1838ರ ಬೇಸಿಗೆಯಲ್ಲಿ ಅವರು ಹೊಲಮನೆಗಳನ್ನು ಮಾರಿ, ಗಂಟುಮೂಟೆ ಕಟ್ಟಿ, ದೋಣಿಗಳಲ್ಲಿ ನದಿಕಾಲುವೆಗಳ ದಾರಿ ಹಿಡಿದು ಹ್ಯಾಂಬರ್ಗ್ ಬಂದರಿಗೆ ಬಂದರು. ಜೀವಮಾನದಲ್ಲಿ ಸಮುದ್ರವನ್ನೇ ಕಂಡಿರದ ಜನ ಪ್ರಿನ್ಸ್ ಜಾರ್ಜ್, ಬೆಂಗಾಲಿ ಎಂಬ ಹಡಗುಗಳನ್ನೇರಿದರು. ಇಂಗ್ಲೆಂಡಿನ ಪ್ಲಿಮತ್ ಬಂದರಿನಲ್ಲಿ ಕಾವೆಲ್ ಅವರನ್ನು ಕೂಡಿಕೊಂಡನು. ನವೆಂಬರಿನಲ್ಲಿ ಹಡಗುಗಳು ದಕ್ಷಿಣ ಆಸ್ಟ್ರೇಲಿಯವನ್ನು ಮುಟ್ಟಿದವು. ಅಡಿಲೇಡ್ ಆಗ ಎರಡು ವರ್ಷದ ಕೂಸು. ಡೇರೆಗಳೂ ಮಣ್ಣಿನ ಗುಡಿಸಲುಗಳೂ ಕಲೆತ ಒಂದು ಬಿಡಾರ. ಅದರ ಹತ್ತಿರ ಟಾರೆನ್ಸ್ ಹೊಳೆಯ ದಡದಲ್ಲಿ ಆಂಗಸ್‌ನ ಜಮೀನನ್ನು ಗೇಣಿಗೆ ಹಿಡಿದು ಅವರು ಮನೆ ಕಟ್ಟಿಕೊಂಡರು. ಮನೆಗಳ ಸಾಲು ಎದ್ದುನಿಂತಾಗ ಅದಕ್ಕೊಂದು ಹೆಸರು ಬೇಕಲ್ಲವೆ? ಬಹಳ ಯೋಚಿಸಬೇಕಾಗಲಿಲ್ಲ. ಕ್ಲೆಮ್ಜಿಗ್ ಎಂದರು.

ಅವರ ಹಿಂದೆಯೇ ಮತ್ತೊಂದು ಹಡಗು ಬಂತು. 1838ರ ಡಿಸೆಂಬರ್ 28ರಂದು, ವಸಾಹತು ಸ್ಥಾಪನೆಯ ಘೋಷಣೆಯಾಗಿ ಸರಿಯಾಗಿ ಎರಡು ವರ್ಷ ತುಂಬಿದ ದಿನ, ಜೀಬ್ರಾ ಹಡಗು ಬಂದರನ್ನು ಸೇರಿತು. ಅದರ ನಾಯಕ ಡಿರ್ಕ್ ಮೈನರ್ಟ್ಸ್ ಹಾನ್. ಆಗ ಡೆನ್ಮಾರ್ಕಿನ ಆಳ್ವಿಕೆಗೆ ಸೇರಿದ್ದ ಸಿಲ್ಟ್ ದ್ವೀಪದವನು. ಬಂದರಿನಲ್ಲಿ ಜನರನ್ನು ಇಳಿಸಿದೊಡನೆ ಅವನ ಹೊಣೆ ಮುಗಿದಿತ್ತು. ಆದರೆ ತಿಂಗಳುಗಟ್ಟಲೆ ಒಂದೇ ಹಡಗಿನಲ್ಲಿ ರೋಗವನ್ನೂ ಸಾವನ್ನೂ ಪ್ರಾರ್ಥನೆಯನ್ನೂ ಜೊತೆಗೆ ಕಂಡವನಿಗೆ, ಇವರನ್ನು ದಡದಲ್ಲಿ ಬಿಟ್ಟು ಹೋಗಲು ಮನಸ್ಸು ಬರಲಿಲ್ಲ. ಅಡಿಲೇಡಿನ ಪೂರ್ವಕ್ಕಿರುವ ಬೆಟ್ಟಗಳಲ್ಲಿ, ಮೌಂಟ್ ಬಾರ್ಕರ್ ಸಮೀಪ, ಜಮೀನುದಾರರೊಡನೆ ತಾನೇ ಮಾತಾಡಿ ಅವರಿಗೆ ನೆಲವನ್ನು ಗೊತ್ತುಮಾಡಿಸಿದನು. 1839ರಲ್ಲಿ ಅಲ್ಲಿ ಊರು ಕಟ್ಟಿದ ಜನ, ಆಳುವವರ ಹೆಸರನ್ನಾಗಲಿ ಹಣ ಕೊಟ್ಟವರ ಹೆಸರನ್ನಾಗಲಿ ಅದಕ್ಕಿಡಲಿಲ್ಲ. ಹಾನ್‌ಡಾರ್ಫ್, ಅಂದರೆ ಹಾನ್‌ನ ಹಳ್ಳಿ ಎಂದು ಕರೆದರು. ಕೃತಜ್ಞತೆಯನ್ನು ಸಲ್ಲಿಸಲು ಅವರ ಬಳಿ ಬೇರೆ ಸಂಪತ್ತಿರಲಿಲ್ಲ.

ಸಾಲ ತೀರಿಸಿದ ಕತೆಯಲ್ಲಿ ಹೆಚ್ಚಿನ ಪಾಲು ಹೆಂಗಸರದು. ಗಂಡಸರು ನೆಲ ಹದ ಮಾಡುತ್ತಲೋ ಬೇರೆಯವರ ಹೊಲಗಳಲ್ಲಿ ಕೂಲಿಗೆ ದುಡಿಯುತ್ತಲೋ ಇರುವಾಗ, ಹಾನ್‌ಡಾರ್ಫಿನ ಹೆಣ್ಣುಮಕ್ಕಳು ತರಕಾರಿ, ಬೆಣ್ಣೆ, ಮೊಟ್ಟೆಗಳನ್ನು ಬುಟ್ಟಿಗಳಲ್ಲಿ ತುಂಬಿ, ನಡುರಾತ್ರಿಯಲ್ಲಿ ಗುಂಪುಗೂಡಿ ಹೊರಡುತ್ತಿದ್ದರು. ಬೆಟ್ಟವನ್ನು ಹತ್ತಿಳಿಯುವ, ಸುಮಾರು 30 ಕಿಲೋಮೀಟರಿನ ಹಾದಿ. ಚರ್ಮದ ಜೋಡು ಸವೆಯಬಾರದೆಂದು ಬರಿಗಾಲಿನಲ್ಲಿ ನಡೆದು, ನಗರದಂಚಿನ ತೊರೆಯಲ್ಲಿ ಕಾಲು ತೊಳೆದು, ಆಮೇಲೆ ಜೋಡು ಮೆಟ್ಟಿಕೊಂಡು ಪೇಟೆಗೆ ಕಾಲಿಡುತ್ತಿದ್ದರಂತೆ. ಮರಳುವಾಗ ಬುಟ್ಟಿಯಲ್ಲಿ ಸೂಜಿ, ನೂಲು ಮುಂತಾದ ಮನೆಯ ಸಾಮಾನು. ಊರಿನ ಇಗರ್ಜಿಗೆಂದು ಒಬ್ಬೊಬ್ಬಳೂ ಎರಡೆರಡು ಇಟ್ಟಿಗೆಗಳನ್ನು ಹೊತ್ತು ತರುತ್ತಿದ್ದಳೆಂದು ಅಲ್ಲಿಯ ಹಿರಿಯರು ಹೇಳುತ್ತ ಬಂದಿದ್ದಾರೆ. ಅವರು ನಡೆದ ಹಾದಿಯನ್ನು ಇಂದಿಗೂ ಗುರುತಿಟ್ಟು ಕಾಪಾಡಲಾಗಿದೆ.

ಇಷ್ಟಾದರೂ ಒಂದು ಮಾತನ್ನು ಮರೆಮಾಡಿದರೆ ಕತೆ ಅರ್ಧ ಸುಳ್ಳಾಗುತ್ತದೆ. ಬಂದವರು ಖಾಲಿ ನೆಲಕ್ಕೆ ಬಂದಿರಲಿಲ್ಲ. ಬೆಟ್ಟಗಳಲ್ಲಿ ಪೆರಮಾಂಕ್ ಜನರೂ, ಅಡಿಲೇಡಿನ ಬಯಲಿನಲ್ಲಿ ಗೌರ್ನ ಜನರೂ ಎಣಿಕೆಗೆ ಸಿಗದಷ್ಟು ಕಾಲದಿಂದ ಬಾಳುತ್ತಿದ್ದರು. ಹಾನ್‌ಡಾರ್ಫ್ ಎದ್ದ ಜಾಗಕ್ಕೆ ಬುಕಾರ್ತಿಲ್ಲ ಎಂಬ ಹೆಸರು ಅದಾಗಲೇ ಇತ್ತು. ಹೊಸಬರಿಗೆ ಕಾಡಿನಲ್ಲಿ ತಿನ್ನಬಹುದಾದುದನ್ನು ತೋರಿಸಿಕೊಟ್ಟವರು ಈ ಜನರೇ ಎಂದು ಹೇಳುತ್ತಾರೆ. ತಮ್ಮ ಊರಿನ ಹೆಸರನ್ನು ಅಷ್ಟು ಅಕ್ಕರೆಯಿಂದ ಹೊತ್ತು ತಂದವರಿಗೆ, ಅದನ್ನು ಇಳಿಸಿದ ಜಾಗದಲ್ಲಿ ಇನ್ನೊಬ್ಬರ ಊರಿನ ಹೆಸರು ಮುಚ್ಚಿಹೋಗುತ್ತಿದೆಯೆಂಬುದು ಹೊಳೆಯಲಿಲ್ಲ.

ಅದು ಹೊಳೆದ ಇಬ್ಬರು ಜರ್ಮನರಿದ್ದರೆಂಬುದು ಸಮಾಧಾನದ ಸಂಗತಿ. ಟೈಕೆಲ್‌ಮನ್, ಶ್ಯೂರ್ಮನ್ ಎಂಬ ಲೂಥರನ್ ಪಾದ್ರಿಗಳು 1838ರ ಅಕ್ಟೋಬರಿನಲ್ಲಿ ಅಡಿಲೇಡಿಗೆ ಬಂದು ಗೌರ್ನ ಭಾಷೆಯನ್ನು ಕಲಿತು, ಎರಡೇ ವರ್ಷಗಳಲ್ಲಿ ಅದರ ವ್ಯಾಕರಣವನ್ನೂ ಪದಕೋಶವನ್ನೂ ಅಚ್ಚುಹಾಕಿಸಿದರು. ಅವರು ಮಕ್ಕಳಿಗೆ ಆ ಭಾಷೆಯಲ್ಲೇ ಪಾಠ ಹೇಳುತ್ತಿದ್ದ ಶಾಲೆಯನ್ನು ಸರಕಾರ 1845ರಲ್ಲಿ ಮುಚ್ಚಿಸಿತು. ಕಾಲಕ್ರಮದಲ್ಲಿ ಗೌರ್ನ ನುಡಿಯನ್ನು ಮನೆಮಾತಾಗಿ ಆಡುವವರೇ ಇಲ್ಲವಾದರು. ಪುಸ್ತಕ ಮಾತ್ರ ಉಳಿಯಿತು. ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಗೌರ್ನ ವಂಶಜರು ತಮ್ಮ ನುಡಿಯನ್ನು ಮತ್ತೆ ಎಬ್ಬಿಸಹೊರಟಾಗ ಅವರ ಕೈಗೆ ಸಿಕ್ಕ ಮುಖ್ಯ ಆಸರೆ ಅದೇ. ಮಂಗಳೂರಿನಲ್ಲಿ 1894ರಲ್ಲಿ ಹೊರಬಂದ ಕಿಟ್ಟೆಲರ ನಿಘಂಟನ್ನು ಬಲ್ಲ ಕನ್ನಡಿಗರಿಗೆ ಈ ಜಾತಿಯ ಜರ್ಮನರ ಪರಿಚಯ ಮಾಡಿಕೊಡಬೇಕಾಗಿಲ್ಲ. ಕನ್ನಡ ಬದುಕಿದ್ದ ನುಡಿ. ಕಿಟ್ಟೆಲರು ಅದಕ್ಕೆ ಆಭರಣ ತೊಡಿಸಿದರು. ಅಡಿಲೇಡಿನ ಆ ಇಬ್ಬರು, ತಮಗರಿವಿಲ್ಲದೆಯೇ, ಬೀಜವನ್ನು ಮಡಕೆಯಲ್ಲಿ ಕಟ್ಟಿಟ್ಟು ಹೋದರು.

ವಲಸೆಗಾರರ ಹಳ್ಳಿಗಳು ಬೆಳೆದವು. 1841ರಲ್ಲಿ ಗಾಟ್‌ಹಾರ್ಡ್ ಫ್ರಿಟ್ಸ್‌ಶೆ ಎಂಬ ಮತ್ತೊಬ್ಬ ಪಾದ್ರಿ ತನ್ನ ಜನರೊಡನೆ ಸ್ಕ್ಯೋಲ್ಡ್ ಹಡಗಿನಲ್ಲಿ ಬಂದನು. ಆ ಪಯಣದಲ್ಲಿ ನಲವತ್ತಕ್ಕೂ ಹೆಚ್ಚು ಮಂದಿ ದಾರಿಯಲ್ಲೇ ತೀರಿಹೋದರು. ಮರುವರ್ಷ ಲೋಬೆಥಾಲ್ ಹಳ್ಳಿ ಹುಟ್ಟಿತು, ಬರೋಸಾ ಕಣಿವೆಯಲ್ಲಿ ಬೆಥನಿ ಹುಟ್ಟಿತು. 1847ರಲ್ಲಿ ಯೋಹಾನ್ ಗ್ರಾಂಪ್ ಜೇಕಬ್ಸ್ ತೊರೆಯ ದಡದಲ್ಲಿ ನೆಟ್ಟ ದ್ರಾಕ್ಷಿಯ ಬಳ್ಳಿಗಳಿಂದ ಮುಂದೆ ಆ ಕಣಿವೆಯ ಹೆಸರು ಜಗತ್ತಿಗೆಲ್ಲ ಹಬ್ಬಿತು. ನಡುವೆ, ದೇವರನ್ನು ತಮ್ಮಿಚ್ಛೆಯಂತೆ ಪೂಜಿಸಲು ಸಮುದ್ರ ದಾಟಿ ಬಂದ ಈ ಜನ 1846ರಲ್ಲಿ ತಮ್ಮತಮ್ಮೊಳಗೇ ಮತವಿಚಾರಕ್ಕಾಗಿ ಜಗಳಾಡಿ ಎರಡಾದದ್ದೂ ಉಂಟು. ಕಾವೆಲ್‌ನ ಕಡೆಯವರೊಂದು ಪಂಗಡ, ಫ್ರಿಟ್ಸ್‌ಶೆಯ ಕಡೆಯವರೊಂದು ಪಂಗಡ. ದೊರೆಯ ಬಲವಂತದ ಐಕ್ಯವನ್ನು ಒಲ್ಲೆನೆಂದು ಬಂದವರಿಗೆ ಸ್ವಂತ ಇಚ್ಛೆಯ ಐಕ್ಯವೂ ಸುಲಭವಾಗಲಿಲ್ಲ. ಅದಕ್ಕೆ 1966ರವರೆಗೆ, ನೂರಿಪ್ಪತ್ತು ವರ್ಷ ಕಾಯಬೇಕಾಯಿತು.

ಹೊಸ ನಾಡಿಗೆ ನಿಷ್ಠರಾಗಿ ನಡೆಯುವುದರಲ್ಲಿ ಮಾತ್ರ ಅವರಲ್ಲಿ ಭಿನ್ನಾಭಿಪ್ರಾಯವಿರಲಿಲ್ಲ. ಬಂದ ಮರುವರ್ಷವೇ ವಿಕ್ಟೋರಿಯ ರಾಣಿಗೆ ನಿಷ್ಠೆಯ ಪ್ರಮಾಣ ಮಾಡಿದರು. ಮನೆಯಲ್ಲಿ, ಇಗರ್ಜಿಯಲ್ಲಿ, ಶಾಲೆಯಲ್ಲಿ ಜರ್ಮನ್. ಸಂತೆಯಲ್ಲಿ, ಕಚೇರಿಯಲ್ಲಿ ಇಂಗ್ಲಿಷ್. ಆಸ್ಟ್ರೇಲಿಯವನ್ನು ಕೊಂಡಾಡುವ ಗೀತೆಯೊಂದಕ್ಕೆ 1859ರಲ್ಲಿ ನಡೆದ ಸ್ಪರ್ಧೆಯಲ್ಲಿ ಬಹುಮಾನ ಪಡೆದ ರಾಗವನ್ನು ಕಟ್ಟಿದವನು ಕಾರ್ಲ್ ಲಿಂಗರ್ ಎಂಬ ಜರ್ಮನ್ ವಲಸೆಗಾರ. ಅಲ್ಲಿಯ ನೀಲಗಿರಿ ಜಾತಿಯ ಮರಗಳ ಚೆಲುವನ್ನು ಚಿತ್ರಗಳಲ್ಲಿ ತೋರಿಸಿ ಆಸ್ಟ್ರೇಲಿಯನ್ನರ ಕಣ್ಣು ತೆರೆಯಿಸಿದ ಹಾನ್ಸ್ ಹೈಸನ್ ಹುಟ್ಟಿದ್ದು ಹ್ಯಾಂಬರ್ಗಿನಲ್ಲಿ, ನೆಲೆಸಿದ್ದು ಹಾನ್‌ಡಾರ್ಫಿನಲ್ಲಿ. ಹೀಗೆ ಮುಕ್ಕಾಲು ಶತಮಾನ ಕಳೆಯಿತು. ತಾವು ಇನ್ನು ವಲಸೆಗಾರರಲ್ಲ, ಈ ಮಣ್ಣಿನ ಮಕ್ಕಳೇ ಎಂದು ಅವರು ನಂಬಿದ್ದರು.

1914ರಲ್ಲಿ ಮಹಾಯುದ್ಧ ಬಂತು. ಆಗ ತಿಳಿಯಿತು, ನಂಬಿದ್ದವರು ತಾವೊಬ್ಬರೇ ಎಂದು. ಜರ್ಮನ್ ಹೆಸರುಳ್ಳವನ ಮೇಲೆಲ್ಲ ಸಂಶಯದ ಕಣ್ಣು ಬಿತ್ತು. ನೂರಾರು ಜನರನ್ನು ಹಿಡಿದು ಅಡಿಲೇಡಿನ ಬಳಿಯ ಟಾರೆನ್ಸ್ ದ್ವೀಪದ ಶಿಬಿರದಲ್ಲಿ ಕೂಡಿಹಾಕಲಾಯಿತು. ಅಡಿಲೇಡಿನ ನಾರ್ವುಡ್ಡಿನಲ್ಲೇ ಹುಟ್ಟಿ, ಆ ರಾಜ್ಯದ ಅಟಾರ್ನಿ ಜನರಲ್ ಆಗಿದ್ದ ಹರ್ಮನ್ ಹೋಂಬರ್ಗ್ 1915ರಲ್ಲಿ ಅಧಿಕಾರ ಬಿಡಬೇಕಾಯಿತು. 1917ರ ಜುಲೈ ತಿಂಗಳಲ್ಲಿ ಲೂಥರನ್ನರ 49 ಶಾಲೆಗಳು ಒಂದೇ ಆಜ್ಞೆಯಿಂದ ಮುಚ್ಚಿಹೋದವು. ಅಜ್ಜಿಯ ಪ್ರಾರ್ಥನೆಯ ಮಾತನ್ನು ಮೊಮ್ಮಗು ಬೀದಿಯಲ್ಲಿ ಗಟ್ಟಿಯಾಗಿ ಆಡದಂತೆ ತಾಯಂದಿರು ಬಾಯಿ ಮುಚ್ಚಿಸಬೇಕಾದ ಕಾಲ ಬಂತು. ಅದೇ ಸಮಯದಲ್ಲಿ, ಅದೇ ಮನೆತನಗಳ ಹುಡುಗರು ಆಸ್ಟ್ರೇಲಿಯದ ಸಮವಸ್ತ್ರ ಧರಿಸಿ ಜರ್ಮನಿಯ ವಿರುದ್ಧ ಹೋರಾಡುತ್ತಿದ್ದರು. 1918ರಲ್ಲಿ ಫ್ರಾನ್ಸಿನ ರಣರಂಗದಲ್ಲಿ ಆಸ್ಟ್ರೇಲಿಯದ ಸೇನೆಯನ್ನು ಗೆಲುವಿನತ್ತ ನಡೆಸಿದ ಸೇನಾಪತಿ ಜಾನ್ ಮೊನಾಶ್‌ನ ತಂದೆತಾಯಿಗಳೇ ಪ್ರಷ್ಯದಿಂದ ಬಂದ ಯೆಹೂದ್ಯರು.

ಮನುಷ್ಯರ ಮೇಲೆ ತೀರದ ಕೋಪ ಕೊನೆಗೆ ಊರುಗಳ ಹೆಸರಿನ ಮೇಲೆ ತಿರುಗಿತು. 1917ರಲ್ಲಿ ಶಾಸನ ಸಭೆ ಒಂದು ಕಾಯಿದೆಯನ್ನು ಮಾಡಿತು. 1918ರ ಜನವರಿಯಲ್ಲಿ 69 ಸ್ಥಳಗಳ ಜರ್ಮನ್ ಹೆಸರುಗಳು ಅಳಿಸಿಹೋದವು. ಲೋಬೆಥಾಲ್ ಟ್ವೀಡ್‌ವೇಲ್ ಆಯಿತು. ಬ್ಲೂಂಬರ್ಗ್ ಬರ್ಡ್‌ವುಡ್ ಆಯಿತು. ಹಾನ್‌ಡಾರ್ಫ್, ಇಂಗ್ಲೆಂಡಿನ ಸರೋವರಗಳ ನಾಡಿನ ಊರೊಂದರ ಹೆಸರು ಪಡೆದು ಆಂಬಲ್‌ಸೈಡ್ ಆಯಿತು. ಜರ್ಮನ್ ಎಂದು ಅವರು ಒರೆಸಿ ಹಾಕಿದ್ದು ಡೆನ್ಮಾರ್ಕಿನ ಪ್ರಜೆಯೊಬ್ಬನ ಹೆಸರನ್ನೆಂಬುದು ಯಾರ ಗಮನಕ್ಕೂ ಬಂದಂತಿಲ್ಲ. ಕ್ಲೆಮ್ಜಿಗ್‌ಗೆ, ಬ್ರಿಟಿಷ್ ಸೇನೆ ತುರ್ಕರೊಡನೆ ಕಾದಿದ ಗಾಜಾ ಪಟ್ಟಣದ ಹೆಸರನ್ನಿಟ್ಟರು. ನಿನ್ನೆ ರಾತ್ರಿ ಒಂದೂರಿನಲ್ಲಿ ಮಲಗಿದ ಮುದುಕ ಬೆಳಗಾಗೆದ್ದು ಇನ್ನೊಂದೂರಿನವನಾದನು. ಹಾಸಿಗೆ ಮಾತ್ರ ಅದೇ, ಕಿಟಕಿಯಾಚೆಯ ಹೊಲವೂ ಅದೇ. ಅವನ ಅಜ್ಜ ಸಮುದ್ರದಾಚೆಯಿಂದ ಕಳೆಯದಂತೆ ತಂದದ್ದನ್ನು ಸರಕಾರಿ ಗೆಜೆಟ್ಟಿನ ಒಂದು ಸಾಲು ಕಳೆದುಹಾಕಿತ್ತು.

ಕೋಪಕ್ಕೂ ಆಯುಸ್ಸಿನ ಮಿತಿಯಿದೆ. ರಾಜ್ಯದ ಶತಮಾನೋತ್ಸವ ಹತ್ತಿರ ಬಂದಾಗ, ನಾಡು ಕಟ್ಟಿದವರ ಪಟ್ಟಿಯಲ್ಲಿ ಈ ಜನರನ್ನು ಬಿಟ್ಟರೆ ಪಟ್ಟಿ ಪೂರ್ಣವಾಗದೆಂಬ ಅರಿವು ಮೂಡಿತು. 1935ರಲ್ಲಿ ಹಾನ್‌ಡಾರ್ಫ್, ಲೋಬೆಥಾಲ್, ಕ್ಲೆಮ್ಜಿಗ್ ಈ ಮೂರು ಹೆಸರುಗಳು ಮರಳಿ ಬಂದವು. ನಾಲ್ಕು ವರ್ಷಗಳಲ್ಲೇ ಎರಡನೆಯ ಮಹಾಯುದ್ಧ ಆರಂಭವಾಗಿ, ಮತ್ತೆ ಕೆಲವರು ಸೆರೆಶಿಬಿರ ಸೇರಿದರೂ, ಆ ಮೂರು ಹೆಸರುಗಳ ತಂಟೆಗೆ ಈ ಸಲ ಯಾರೂ ಹೋಗಲಿಲ್ಲ. ಆದರೆ ಹದಿನೇಳು ವರ್ಷ ಚಲಾವಣೆಯಲ್ಲಿದ್ದ ಗಾಜಾ ಎಂಬ ಹೆಸರಿಗೂ ಅಷ್ಟರಲ್ಲಿ ತನ್ನದೇ ಮಕ್ಕಳು ಹುಟ್ಟಿದ್ದರು. ಆ ಹೆಸರಿನಲ್ಲಿ ಆಡಿ ಬೆಳೆದವರು ತಮ್ಮ ಸಂಘದ ಹೆಸರನ್ನು ಬಿಟ್ಟುಕೊಡಲಿಲ್ಲ. ಹೇರಿದ ಹೆಸರೂ ಬಳಕೆಯಿಂದ ಪ್ರೀತಿಯಾಗಬಲ್ಲದು.

ಇನ್ನುಳಿದದ್ದು ಓಡರ್ ನದಿಯಾಚೆಯ ಆ ಮೂಲ ಹಳ್ಳಿ. 1838ರಲ್ಲಿ ಎಲ್ಲರೂ ಹೊರಟಿರಲಿಲ್ಲ. ದೊರೆಯ ಪೂಜಾವಿಧಿಯೊಡನೆ ಹೊಂದಿಕೊಂಡೋ, ಸಮುದ್ರಕ್ಕೆ ಹೆದರಿಯೋ, ಹಿರಿಯರ ಗೋರಿಗಳನ್ನು ಬಿಡಲಾರದೆಯೋ ಬಹುಮಂದಿ ಅಲ್ಲೇ ನಿಂತರು. ಹೊರಟವರನ್ನು ಕಂಡು, ಇವರು ಎಲ್ಲವನ್ನೂ ಕಳೆದುಕೊಂಡರೆಂದು ಮರುಗಿದವರೂ ಅವರಲ್ಲಿದ್ದಿರಬೇಕು. ನೂರೇಳು ವರ್ಷಗಳ ತರುವಾಯ, 1945ರಲ್ಲಿ, ಸೋತ ಜರ್ಮನಿಯ ಗಡಿ ಓಡರ್ ನದಿಗೆ ಸರಿಯಿತು. ಹಳ್ಳಿ ಪೋಲೆಂಡಿಗೆ ಸೇರಿತು. ಅಲ್ಲಿಯ ಜರ್ಮನರು ಊರು ಬಿಟ್ಟು ಹೋಗಬೇಕಾಯಿತು. ಈ ಸಲ ಹೊರಟವರು ಹೊಸ ಊರನ್ನು ಕಟ್ಟಲಿಲ್ಲ. ಹರಿದುಹೋದ ಜರ್ಮನಿಯಲ್ಲಿ ಚದರಿಹೋದರು. ಅವರ ಮನೆಗಳಿಗೆ, ತಾವೂ ಎಲ್ಲಿಂದಲೋ ಬಂದ ಪೋಲಿಷ್ ಕುಟುಂಬಗಳು ಬಂದು ಸೇರಿದವು. ಊರಿಗೀಗ ಕ್ಲೆಂಪ್ಸ್ಕ್ ಎಂದು ಹೆಸರು. ಕಾವೆಲ್ ಉಪದೇಶ ಮಾಡುತ್ತಿದ್ದ ಮರದ ಇಗರ್ಜಿ ಇಂದಿಗೂ ನಿಂತಿದೆ; ಅಲ್ಲಿ ಕೇಳುವ ಪ್ರಾರ್ಥನೆ ಪೋಲಿಷ್ ಭಾಷೆಯದು, ಕ್ಯಾಥೊಲಿಕ್ ಮತದ್ದು.

ಉಳಿದವರು ಊರನ್ನು ಕಳೆದುಕೊಂಡರು. ಹೋದವರು ಅದರ ಹೆಸರನ್ನು ಉಳಿಸಿದರು. ಇದನ್ನು ಯಾರ ಜಾಣತನವೆಂದೂ ಹೇಳುವಂತಿಲ್ಲ, ಯಾರ ತಪ್ಪೆಂದೂ ಹೇಳುವಂತಿಲ್ಲ. ಕ್ಲೆಮ್ಜಿಗ್ ನಿಲ್ದಾಣದಲ್ಲಿ ಸಂಜೆ ಬಸ್ಸಿಳಿದು ಮನೆಯ ದಾರಿ ಹಿಡಿಯುವವರಲ್ಲಿ ಇಂದು ಹಲವು ದೇಶಗಳಿಂದ ಬಂದವರಿದ್ದಾರೆ. ಆ ಹೆಸರು ಯಾವ ಊರಿನದೆಂದು ಅವರಲ್ಲಿ ಬಹಳ ಮಂದಿ ಕೇಳಿರಲಾರರು. ಆದರೂ ಮನೆ ಎಲ್ಲಿ ಎಂದು ಯಾರಾದರೂ ಕೇಳಿದರೆ ಅವರೆಲ್ಲರೂ ಹೇಳುವುದು, ಓಡರ್ ದಂಡೆಯ ನಾಡಿನಲ್ಲಿ ಈಗ ಯಾರೂ ತಮ್ಮ ಊರೆಂದು ಹೇಳದ ಆ ಹೆಸರನ್ನೇ.